ಮೂರು ಬೆರಳಿನ ಅಚ್ಚು ಮತ್ತು ಹೊಸ ಕಂಪ್ಯೂಟರ್

ನನಗೆ ಬಾಯಿಲ್ಲ ಎಂಬುದು ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ಬೀದಿಗೆಲ್ಲ ಗೊತ್ತಿತ್ತು. ತರಕಾರಿಯವಳು ಹುಳುಕು ಬದನೆಕಾಯಿ ಹಾಕಿದರೂ ಸುಮ್ಮನೆ ತಂದು, ಕೆಟ್ಟ ಭಾಗ ಕೊಯ್ದು ಬಿಸಾಡಿ, ಉಳಿದದ್ದರಲ್ಲಿ ಪಲ್ಯ ಮಾಡುತ್ತಿದ್ದವಳು ನಾನು. ಅಂಥವಳು ಒಂದು ಹಳೆಯ ಕಂಪ್ಯೂಟರಿಗಾಗಿ ಮೈದುನನ ಎದುರು ನಿಂತು "ಮುಟ್ಟಬೇಡ" ಎಂದೆ. ಮೊಮ್ಮಕ್ಕಳೇ, ನಿಮ್ಮಮ್ಮ ಈ ಸಂಗತಿಯನ್ನು ನಿಮಗೆ ಹೇಳುವಾಗ ನಗಿಸುವುದಕ್ಕೆಂದು ಏನೇನೋ ಸೇರಿಸುತ್ತಾಳೆ. ನಾನು ಕಂಪ್ಯೂಟರಿಗೆ ದೃಷ್ಟಿ ತೆಗೆದೆ ಎಂದೂ ಹೇಳಿದ್ದಾಳಂತೆ. ತೆಗೆದಿಲ್ಲ. ಆದದ್ದನ್ನು ಆದ ಹಾಗೆ ನಾನೇ ಬರೆಯುತ್ತೇನೆ.

ನಾನು ಓದಿದ್ದು ಹೊಳಲೂರಿನ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಇಂಗ್ಲಿಷ್ ಎಂದರೆ ಅಕ್ಷರ ಗೊತ್ತು, ಕೂಡಿಸಿ ಕೂಡಿಸಿ ಓದಬಲ್ಲೆ, ಅರ್ಥ ಆಗುವುದಿಲ್ಲ. ನಿಮ್ಮಜ್ಜನದು ಮನೆಯ ಮುಂಭಾಗದಲ್ಲೇ ಫೋಟೋ ಸ್ಟುಡಿಯೋ. ಮದುವೆಯಾದ ಮೇಲೆ ಅವರು ನನಗೆ ಟಚಿಂಗ್ ಕಲಿಸಿದರು. ಆಗೆಲ್ಲ ಕಪ್ಪು ಬಿಳುಪಿನ ಕಾಲ. ಮುಖದ ಮೇಲೆ ಮೊಡವೆಯೋ ಸಿಡುಬಿನ ಕಲೆಯೋ ಇದ್ದರೆ ನೆಗೆಟಿವನ್ನು ಗಾಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಲ್ಲಿ ಆ ಜಾಗವನ್ನು ತುಂಬಬೇಕು. ಗಿರಾಕಿಗಳು ಮುಂದಿನ ಕೋಣೆಯಲ್ಲಿ, ನಾನು ಹಿಂದಿನ ಕೋಣೆಯಲ್ಲಿ. ಊರಿನ ಅರ್ಧ ಜನರ ಮುಖ ನನಗೆ ಅವರ ಹೆಂಡಂದಿರಿಗಿಂತ ಚೆನ್ನಾಗಿ ಗೊತ್ತಿತ್ತು. ಅವರಿಗೆ ನನ್ನ ಮುಖ ಗೊತ್ತಿರಲಿಲ್ಲ. ಅದು ನನಗೆ ಹಿತವಾಗಿಯೇ ಇತ್ತು.

ನಿಮ್ಮಜ್ಜ ತೀರಿಕೊಂಡಾಗ ನಿಮ್ಮಮ್ಮ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಳು. ಸ್ಟುಡಿಯೋವನ್ನು ನನ್ನ ಮೈದುನ ನಡೆಸಿದ. ಮದುವೆ ಮುಂಜಿಗೆ ಕ್ಯಾಮೆರಾ ಹಿಡಿದು ಹೋಗುವುದು, ಗಿರಾಕಿಗಳ ಜೊತೆ ಮಾತಾಡುವುದು ಅವನದು. ಟಚಿಂಗ್ ನನ್ನದು. ಅದೊಂದು ಕೆಲಸ ಇದ್ದುದರಿಂದ ನಾನು ಆ ಮನೆಯಲ್ಲಿ ಯಾರ ಹಂಗಿನಲ್ಲೂ ಇರಲಿಲ್ಲ. ಮಗಳಿಗೆ ಪುಸ್ತಕ ಬೇಕೆಂದರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಇದನ್ನು ನೀವು ನೆನಪಿಟ್ಟುಕೊಂಡರೆ ಮುಂದೆ ನಾನು ಆಡಿದ್ದಕ್ಕೆಲ್ಲ ಕಾರಣ ತಿಳಿಯುತ್ತದೆ.

ಎರಡು ವರ್ಷದ ಮೇಲೆ ಮೈದುನ ಯಾರೋ ಮಾರಿದ ಒಂದು ಕಂಪ್ಯೂಟರ್, ಒಂದು ಸ್ಕ್ಯಾನರ್ ತಂದ. ಫೋಟೋ ತಿದ್ದುವ ಒಂದು ಸಾಫ್ಟ್‌ವೇರು ಆ ಸ್ಕ್ಯಾನರಿನ ಜೊತೆಯಲ್ಲೇ ಬಂದಿತ್ತು. ನಾಲ್ಕು ದಿನ ಕೂತು ಅವನಿಗೆ ಬೇಸರವಾಯಿತು. "ಅತ್ತಿಗೆ, ಇಲಿ ಹಿಡಿಯೋದು ನನ್ ಕೈಲಾಗಲ್ಲ, ನೀವ್ ನೋಡಿ" ಎಂದ. ಪೆನ್ಸಿಲು ಹಿಡಿದ ಕೈಗೆ ಮೌಸು ಒಗ್ಗಿತು. ಓದಿ ಕಲಿಯಲು ಬರುತ್ತಿರಲಿಲ್ಲವಾದ್ದರಿಂದ ಎಣಿಸಿ ಕಲಿತೆ. ಮೇಲಿನ ಸಾಲಿನಲ್ಲಿ ಎಡದಿಂದ ನಾಲ್ಕನೆಯದು ಒತ್ತಿದರೆ ಒಂದು ಪಟ್ಟಿ ಇಳಿಯುತ್ತದೆ, ಅದರಲ್ಲಿ ಆರನೆಯದು ಬೆಳಕು, ಏಳನೆಯದು ಬಣ್ಣ. ನನ್ನ ಅಡಿಗೆಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ ಎಂದು ಹೆಸರು ಓದಿ ತೆಗೆಯುತ್ತೇನೆಯೇ? ಹಾಗೆ.

ಹೆಚ್ಚು ಬರುತ್ತಿದ್ದದ್ದು ತೀರಿಕೊಂಡವರ ಫೋಟೋಗಳು. ನಮ್ಮವರಲ್ಲಿ ಸಾವಾದ ಕೆಲವು ದಿನಕ್ಕೆ ಮಾಡುವ ಶಿವಗಣಾರಾಧನೆಯ ದಿನ ಹಾರ ಹಾಕಿ ಇಡಲು ದೊಡ್ಡ ಫೋಟೋ ಬೇಕು, ಹಣೆಯಲ್ಲಿ ವಿಭೂತಿ ಇರಬೇಕು. ಜನ ತರುತ್ತಿದ್ದದ್ದು ರೇಷನ್ ಕಾರ್ಡಿನಿಂದ ಕಿತ್ತದ್ದು, ಉಕ್ಕಿನ ಕಾರ್ಖಾನೆಯ ಪಾಸಿನಿಂದ ಕಿತ್ತದ್ದು. ಅವುಗಳಲ್ಲಿ ಹಣೆಯ ಮೇಲೆ ಸೀಲಿನ ಮಸಿ ಇರುತ್ತಿತ್ತು, ಇಲ್ಲವೇ ಮಡಿಚಿದ ಗೆರೆ. ವಿಭೂತಿಯನ್ನು ನಾನು ಇಡಬೇಕಿತ್ತು.

ಮೊದಲು ಕಂಪ್ಯೂಟರಿನ ಕುಂಚದಲ್ಲೇ ಮೂರು ಬಿಳಿ ಗೆರೆ ಎಳೆದು ನೋಡಿದೆ. ಚೆನ್ನಾಗಿರಲಿಲ್ಲ. ನಿಜವಾದ ವಿಭೂತಿ ಹಾಗಿರುವುದಿಲ್ಲ. ಬೆರಳು ಊರಿದ ಕಡೆ ದಪ್ಪ, ಎಳೆದು ಎತ್ತುವ ಕಡೆ ತೆಳು. ಸ್ನಾನ ಮಾಡಿ ಒದ್ದೆ ಮಾಡಿ ಹಚ್ಚಿದ್ದು ಒಣಗಿದಾಗ ಬೆಳ್ಳಗೆ ಕಾಣುತ್ತದೆ, ಒಣದು ಹಚ್ಚಿದ್ದು ಬೂದಿಯ ಹಾಗೇ ಇರುತ್ತದೆ. ನನ್ನ ಹಣೆಗೂ ಉಳಿದದ್ದು ಅದೊಂದೇ ಆದ್ದರಿಂದ ದಿನಾ ಕನ್ನಡಿಯಲ್ಲಿ ನೋಡುತ್ತಿದ್ದೆನಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಕಪ್ಪು ಕಾಗದ ತಂದು, ನಮ್ಮ ಮಾವನವರ ಮುಂದಿಟ್ಟು, "ಇದರ ಮೇಲೆ ಹಣೆಗೆ ಹಚ್ಚಿಕೊಳ್ಳೋ ಹಾಗೇ ಹಚ್ಚಿ ಮಾವ" ಎಂದೆ.

ಮಾವ ಕಾರ್ಖಾನೆಯ ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತವರು. ಬೆರಳು ಒಂದೊಂದೂ ಬಾಳೆಕಾಯಿಯಷ್ಟು ದಪ್ಪ, ತುದಿಯೆಲ್ಲ ಒರಟು.

"ಕಾಗದಕ್ಕೂ ದೀಕ್ಷೆ ಕೊಡ್ಸೀಯೇನಮ್ಮ?" ಎಂದು ನಕ್ಕು, ಮೂರು ಬೆರಳನ್ನು ಒದ್ದೆ ವಿಭೂತಿಯಲ್ಲಿ ಅದ್ದಿ ಎಡದಿಂದ ಬಲಕ್ಕೆ ಎಳೆದರು. ಒಣದರಲ್ಲೂ ಒಮ್ಮೆ ಎಳೆದರು. ಆ ಕಾಗದವನ್ನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿ ತೆಗೆದು, ಕಪ್ಪನ್ನೆಲ್ಲ ಕಳೆದು, ಬಿಳಿಯನ್ನಷ್ಟೇ ಉಳಿಸಿಕೊಂಡೆ. ಅದು ನನ್ನ ಅಚ್ಚಾಯಿತು. ಬೇಕಾದ ಹಣೆಗೆ ಬೇಕಾದಷ್ಟು ಹಿಗ್ಗಿಸಿ ಇಡಬಹುದಿತ್ತು. ಸ್ಕ್ಯಾನರಿನೊಳಗೆಲ್ಲ ಬೂದಿ ಸೇರಿತೆಂದು ಮೈದುನ ಒಂದು ವಾರ ಗೊಣಗಿದ. ಆದರೆ ಊರಿನಲ್ಲಿ ಮಾತ್ರ "ಆ ಸ್ಟುಡಿಯೋದೋರು ಹಾಕಿದ ವಿಭೂತಿ ಹಾಕಿದ್ದು ಅಂತ ಗೊತ್ತಾಗಲ್ಲ" ಎಂಬ ಮಾತಾಯಿತು. ಹೀಗೆ ಓಲ್ಡ್ ಟೌನಿನಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲಿನ ಹಿರಿಯರ ಹಣೆಗೆ ವಿಭೂತಿ ಹಚ್ಚಿದ್ದು ನಮ್ಮ ಮಾವ. ಅವರೂ ಹೋದ ಮೇಲೆ ಅವರ ಹಣೆಗೂ ಅವರ ಬೆರಳೇ ಹಚ್ಚಿತು.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಒಂದು ಬೆಳಿಗ್ಗೆ ಮೈದುನ ಹೊಸ ಕಂಪ್ಯೂಟರ್ ತಂದ. ಡಿಜಿಟಲ್ ಕ್ಯಾಮೆರಾ ಕೊಂಡಿದ್ದ, ಹಳೆಯದಕ್ಕೆ ಅದರ ಫೋಟೋ ತೆರೆಯುವ ಶಕ್ತಿ ಇರಲಿಲ್ಲ. ನಾನೇನೂ ಬೇಡವೆನ್ನಲಿಲ್ಲ. ಜೋಡಿಸಲು ಬಂದಿದ್ದವನ ಕೈಗೆ ನನ್ನ ಸಾಫ್ಟ್‌ವೇರಿನ ಸಿಡಿ ಕೊಟ್ಟು, ಇದನ್ನೂ ಹಾಕಿಕೊಡಿ ಎಂದೆ. ಹಾಕಿದ. ಪರದೆಯ ನಡುವೆ ಕೆಂಪು ಗುರುತಿನ ಒಂದು ಚೌಕ ಬಂತು.

"ಏನಂತೆ?" ಎಂದೆ.

"ನಡೆಯಲ್ಲ ಅಂತೆ ಅಕ್ಕಾ. ಹೊಸ ಸಿಸ್ಟಮ್ಮಿಗೆ ಈ ಹಳೇದು ಆಗ್ಬರಲ್ಲ. ಈಗ ಬೇರೇನೇ ಸಾಫ್ಟ್‌ವೇರ್ ಬಂದಿದೆ, ಒಂದ್ ಬಟನ್ ಒತ್ತಿದ್ರೆ ಎಲ್ಲ ಅದೇ ಮಾಡುತ್ತೆ."

"ನನ್ನ ಅಚ್ಚುಗಳು ಅದರಲ್ಲಿ ತೆರೆಯುತ್ತಾ?"

ಅವೂ ತೆರೆಯಲಿಲ್ಲ. ಅಚ್ಚುಗಳನ್ನು ನನ್ನ ಸಾಫ್ಟ್‌ವೇರು ತನ್ನದೇ ರೀತಿಯಲ್ಲಿ ಇಟ್ಟುಕೊಂಡಿತ್ತು, ಬೇರೆ ಯಾವುದಕ್ಕೂ ಅದರ ಭಾಷೆ ತಿಳಿಯದು. ಅವನು ಸ್ಕ್ರೂ ಬಿಗಿಯುತ್ತಾ, "ಹಳೇ ಪೆಟ್ಗೆ ನಾನ್ ತಗೊಂಡು ಹೋಗ್ತೀನಿ, ಎಕ್ಸ್‌ಚೇಂಜ್‌ನಲ್ಲಿ ಮಾತಾಗಿದೆ" ಎಂದ. ನಾನು ಮೈದುನನ ಮುಖ ನೋಡಿದೆ.

"ಅದು ಹಂಗೇ ಅತ್ತಿಗೆ," ಎಂದ ಅವನು ಕ್ಯಾಮೆರಾದ ಚೀಲದ ಕಡೆ ನೋಡುತ್ತಾ. "ಶಿವಮೊಗ್ಗದಿಂದ ಒಬ್ರು ಆಪರೇಟರ್ ಬರ್ತಾರೆ. ಪ್ರೆಸ್ಸಲ್ಲಿದ್ದೋರು, ಕೋರ್ಸ್ ಮಾಡಿದಾರೆ. ನೀವು ಇಷ್ಟು ವರ್ಷ ಕಣ್ಣು ಹಾಳು ಮಾಡ್ಕೊಂಡಿದ್ದು ಸಾಕು. ಆರಾಮಾಗಿ ಮನೇಲಿರಿ."

ಆರಾಮಾಗಿ ಮನೆಯಲ್ಲಿರುವುದು ಎಂದರೆ ಏನೆಂದು ನನಗೆ ಗೊತ್ತಿತ್ತು. ನಮ್ಮ ಬೀದಿಯಲ್ಲೇ ಇಬ್ಬರು ಹಾಗಿದ್ದರು. ಎಲ್ಲರ ಊಟ ಆದ ಮೇಲೆ ಉಳಿದ ಸಾರು ಬಿಸಿ ಮಾಡಿಕೊಳ್ಳುವುದು, ಹಬ್ಬಕ್ಕೆ ಕೊಟ್ಟ ಸೀರೆಗೆ ಚೆನ್ನಾಗಿದೆ ಎನ್ನುವುದು. ಮೈದುನ ಕೆಟ್ಟವನಲ್ಲ. ಅವನು ಹೈಸ್ಕೂಲಿಗೆ ಹೋಗುವಾಗ ಡಬ್ಬಿ ಕಟ್ಟಿಕೊಟ್ಟವಳು ನಾನೇ. ಅವನಿಗೆ ಅದು ಉಪಕಾರವೆಂದೇ ಅನ್ನಿಸಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

"ಅದನ್ನು ಮುಟ್ಟಬೇಡ" ಎಂದೆ.

"ಯಾವುದನ್ನ?"

"ಹಳೇದನ್ನ. ಅದು ನಂದು. ನನ್ನ ಕೆಲಸ ಅದರೊಳಗಿದೆ. ಹೊಸದ್ರಲ್ಲಿ ನನ್ನ ಸಾಫ್ಟ್‌ವೇರ್ ಓಡೋವರ್ಗೂ ಹಳೇದು ಈ ಮನೆ ಹೊಸ್ತಿಲು ದಾಟಲ್ಲ."

"ಓಡಲ್ಲ ಅಂತ ಅದೇ ಹೇಳ್ತಾ ಇದೆಯಲ್ಲ ಅತ್ತಿಗೆ, ಬೇಕಾದ್ರೆ ಓದಿ!"

"ಅದು ಹೇಳಿದ್ರೆ ಆಗೋಯ್ತಾ? ಅದ್ಯಾರು ಹೇಳಕ್ಕೆ?"

ನಾನು ತಂತಿಗಳನ್ನೆಲ್ಲ ಕಿತ್ತು, ಮಾನಿಟರು ಒಮ್ಮೆ, ಪೆಟ್ಟಿಗೆ ಒಮ್ಮೆ ಹೊತ್ತು, ಹಿತ್ತಲ ಕಡೆಯ ನನ್ನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮೇಜಿನ ಮೇಲಿಟ್ಟೆ.

ಆಪರೇಟರ್ ಬಂದರು. ನಲವತ್ತರ ಆಸುಪಾಸಿನ ಸಾಧು ಮನುಷ್ಯ, ನನ್ನನ್ನು ಮೇಡಂ ಎನ್ನುತ್ತಿದ್ದರು. ನನ್ನನ್ನು ಜೀವಮಾನದಲ್ಲಿ ಮೇಡಂ ಎಂದ ಮೊದಲನೆಯವರು ಅವರೇ. ನಾನು ಅವರ ಜೊತೆ ಮಾತಾಡಲಿಲ್ಲ. ಹಳೆಯ ಗಿರಾಕಿಗಳ ಒಂದೆರಡು ಫೋಟೋಗಳನ್ನು ನಾನು ನನ್ನ ಕೋಣೆಯಲ್ಲೇ ಮಾಡಿಕೊಡುತ್ತಿದ್ದೆ. ಹದಿನೈದು ದಿನ ಕಳೆಯಿತು. ಆಮೇಲೆ ಹಳೆಯ ಕಂಪ್ಯೂಟರು ಒಳಗೊಳಗೇ ಕಟಕಟ ಹಲ್ಲು ಕಡಿಯತೊಡಗಿತು.

ಯಾರಿಗೆ ಹೇಳುವುದು? ಹೇಳಿದರೆ "ನೋಡಿ, ನಾವು ಹೇಳಲಿಲ್ವಾ" ಎನ್ನುತ್ತಾರೆ. ನಮ್ಮ ಮಾವನ ರೇಡಿಯೋ ರಿಪೇರಿ ಮಾಡುತ್ತಿದ್ದ ಒಬ್ಬ ಸಾಬರು ಶಿವಮೊಗ್ಗದ ಗೋಪಾಳದಲ್ಲಿ ಮನೆ ಮಾಡಿಕೊಂಡು, ಈಗ ಕಂಪ್ಯೂಟರನ್ನೂ ಬಿಚ್ಚುತ್ತಾರೆಂದು ಕೇಳಿದ್ದೆ. ಪೆಟ್ಟಿಗೆಯನ್ನು ಹಳೆಯ ದುಪ್ಪಟಿಯಲ್ಲಿ ಗಂಟು ಕಟ್ಟಿದೆ. ಅದುವರೆಗೆ ನಾನು ಒಬ್ಬಳೇ ಶಿವಮೊಗ್ಗಕ್ಕೆ ಹೋದವಳಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡೆ. ಕಂಡಕ್ಟರ್ ಬಂದ.

"ಏನಮ್ಮಾ ಅದು, ರುಬ್ಬೋ ಕಲ್ಲಾ?"

"ಕಂಪ್ಯೂಟ್ರು."

"ಯಾರ್ದು?"

"ನಂದು."

"ನಿಮ್ದಾ!" ಎಂದು ಅವನು ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದ. "ಅಲ್ರೀ ಮಾರಾಯ್ರೆ, ನಮ್ ಡಿಪೋ ಸಾಹೇಬ್ರ ಹತ್ರಾನೇ ಇಲ್ಲ ಕಂಪ್ಯೂಟ್ರು. ಲಗೇಜ್ ಟಿಕೆಟ್ ಹರೀಲೋ, ಫುಲ್ ಟಿಕೆಟ್ ಹರೀಲೋ?"

"ತೊಡೆ ಮೇಲಿದೆ. ಮೂರು ವರ್ಷದ ಒಳಗಿನ ಮಗುವಿಗೆ ಟಿಕೆಟ್ ಇಲ್ಲ" ಎಂದೆ. ಎಲ್ಲಿಂದ ಬಂತೋ ಆ ಮಾತು, ನನಗೇ ತಿಳಿಯದು. ಹಿಂದಿನ ಸೀಟಿನವರು ಹೋ ಎಂದು ನಕ್ಕರು. ಕಂಡಕ್ಟರೂ ನಕ್ಕು ಮುಂದೆ ಹೋದ. ದಾರಿಯುದ್ದಕ್ಕೂ ನನ್ನ ಕಿವಿ ಬಿಸಿಯಾಗಿಯೇ ಇತ್ತು.

ಸಾಬರು ಪೆಟ್ಟಿಗೆ ಬಿಚ್ಚಿ, ಕರೆಂಟು ಕೊಟ್ಟು, ಕಿವಿ ಇಟ್ಟು ಕೇಳಿದರು. ರೇಡಿಯೋಗೂ ಹಾಗೆಯೇ ಕಿವಿ ಇಡುತ್ತಿದ್ದರು.

"ತಾಯೀ, ಇದರ ಹಾರ್ಡ್ ಡಿಸ್ಕ್ ಹೋಗ್ತಾ ಇದೆ. ಇವತ್ತೋ ನಾಳೇನೋ."

"ಒಳಗಿರೋದು ಉಳಿಯುತ್ತಾ?"

"ಈಗ ಉಳೀತದೆ. ನಾಳೆ ಬಂದಿದ್ರೆ ಈ ಮಾತು ಹೇಳೋಕಾಗ್ತಿರ್ಲಿಲ್ಲ." ಒಳಗೆ ತಿರುಗಿ, "ದೋ ಚಾಯ್ ಭೇಜೋ" ಎಂದು ಎರಡು ಚಹಾಕ್ಕೆ ಕೂಗಿ ಕೆಲಸಕ್ಕೆ ಕೂತರು. ಮಧ್ಯಾಹ್ನದವರೆಗೆ ಒದ್ದಾಡಿ ಎಲ್ಲವನ್ನೂ, ಸಾಫ್ಟ್‌ವೇರನ್ನೂ ಅಚ್ಚುಗಳನ್ನೂ, ಎರಡು ಸಿಡಿಗೆ ತೆಗೆದರು.

ಹೊಸ ಕಂಪ್ಯೂಟರ್ ಏನು ಹೇಳಿತೆಂದು ನಾನು ಹೇಳಿದೆ. ಇದು ತೀರಾ ಹಳೆಯದಂತೆ, ಎಸೆಯಬೇಕಂತೆ ಎಂದೆ.

"ಹಳೇದು ಬೇರೆ, ಖರಾಬು ಬೇರೆ ತಾಯಿ. ಅವರಿಗೆ ಫರಕು ಗೊತ್ತಿಲ್ಲ." ಸಾಬರು ಕನ್ನಡಕ ಮೇಲೇರಿಸಿದರು. "ಹೊಸ ಸಿಸ್ಟಮ್ಮಲ್ಲಿ ಒಂದು ಜಾಗ ಇದೆಯಂತೆ. ಅಲ್ಲಿ ಹೋಗಿ ಟಿಕ್ ಹಾಕಿದ್ರೆ, ಆ ಹಳೇ ಪ್ರೋಗ್ರಾಮಿನ ಹತ್ರ ಅದು 'ನಾನೂ ಹಳೇ ಸಿಸ್ಟಮ್ಮೇ' ಅಂತ ನಾಟಕ ಆಡ್ತದೆ. ನಿಮ್ಮ ಸಾಫ್ಟ್‌ವೇರು ನಂಬಿ ಓಡ್ತದೆ. ನನ್ನ ಹತ್ರ ಹೊಸದು ಇಲ್ಲ, ಮಾಡಿ ತೋರ್ಸಕ್ಕಾಗಲ್ಲ. ಬರ್ಕೊಡ್ತೀನಿ."

ಪ್ರೋಗ್ರಾಮಿನ ಚಿತ್ರದ ಮೇಲೆ ಬಲಗಡೆಯ ಗುಂಡಿ ಒತ್ತಬೇಕು, ಇಳಿಯುವ ಪಟ್ಟಿಯ ಕೊನೆಯದು ಆರಿಸಬೇಕು, ಆಮೇಲೆ ಈ ಪದ ಹುಡುಕಬೇಕು ಎಂದು ಹೇಳಿ, ಇಂಗ್ಲಿಷಿನಲ್ಲಿ ಒಂದು ಉದ್ದ ಪದವನ್ನು ಸಿಗರೇಟು ಪ್ಯಾಕಿನ ಹಿಂದೆ ಬಿಡಿಬಿಡಿಯಾಗಿ ಬರೆದುಕೊಟ್ಟರು.

ಆಗ ನಿಮ್ಮಮ್ಮ ಶಿವಮೊಗ್ಗದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಸಂಜೆ ಅವಳ ಮುಂದೆ ಆ ಪದವನ್ನು ಕೂಡಿಸಿ ಓದಿದೆ. "ಕೊಂ, ಪಟಿ, ಬಿಲಿಟಿ."

"ಕಂಪ್ಯಾಟಿಬಿಲಿಟಿ ಅಮ್ಮಾ" ಎಂದು ನಕ್ಕಳು.

"ಹಂಗಂದ್ರೇನು?"

ನಿಘಂಟು ತೆಗೆದು ನೋಡಿದಳು. "ಹೊಂದಾಣಿಕೆ."

ಅಯ್ಯೋ, ಇಷ್ಟೇನಾ ಎನ್ನಿಸಿತು. ಇಂಗ್ಲಿಷಿನಲ್ಲಿ ಗೊತ್ತಿಲ್ಲದಿದ್ದರೇನು, ಆ ಪದದೊಳಗೇ ನಾನು ವಾಸ ಮಾಡಿದ್ದೆ. ಹೊಳಲೂರಿನಿಂದ ನನ್ನನ್ನು ಕಳಿಸುವಾಗ ನನ್ನಮ್ಮ ಹೇಳಿದ್ದು "ಹೊಂದಿಕೊಂಡು ಹೋಗು". ಅತ್ತೆ ಹೇಳಿದ್ದು "ಹೊಂದಿಕೊಂಡು ಹೋಗಬೇಕಮ್ಮ". ನಿಮ್ಮಜ್ಜ ತೀರಿಕೊಂಡಾಗ ಮಾತಾಡಿಸಲು ಬಂದವರೂ ಹೊರಡುವಾಗ ಹೇಳಿದ್ದು ಅದನ್ನೇ. ಇಪ್ಪತ್ತಮೂರು ವರ್ಷ ಬರೀ ಹೊಂದಿಕೊಂಡಿದ್ದೆ.

"ಇಲ್ಲಿ ಯಾರು ಯಾರಿಗೆ ಹೊಂದ್ಕೋಬೇಕು?" ಎಂದು ಕೇಳಿದೆ.

ಅವಳು ಯೋಚಿಸಿದಳು. "ನಿನ್ನ ಸಾಫ್ಟ್‌ವೇರ್ ಹೊಸ ಮನೆಗೆ ಹೋಗೋ ಸೊಸೆ ಅಂದ್ಕೋ. ಟಿಕ್ ಹಾಕಿದ್ರೆ, ಮನೆಯೋರೆಲ್ಲ ಸೇರಿ ಸೊಸೆಗೆ ಹೊಂದ್ಕೊಳ್ತಾರೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನನಗೆ ನಗು ನಿಂತಿತು. ಅಂಥ ಒಂದು ಟಿಕ್ಕು ಎಲ್ಲಾದರೂ ಇರುವುದೇ ಆದರೆ ಅದನ್ನು ಹಾಕದೆ ಬಿಡಬಾರದು ಎಂದು ಅಂದೇ ನಿಶ್ಚಯ ಮಾಡಿದೆ.

ಆದರೆ ಹಾಕಲು ಹೊಸ ಕಂಪ್ಯೂಟರ್ ಬೇಕಲ್ಲ. ಮೈದುನನನ್ನು ಕೇಳಿದೆ. "ಬೇಡ ಅತ್ತಿಗೆ, ಹೊರಗಿನ ಸಿಡಿ ಹಾಕಿದ್ರೆ ವೈರಸ್ ಬರುತ್ತಂತೆ" ಎಂದ. ಎರಡನೆಯ ಸಲ ಕೇಳಿದೆ, "ಹಠ ಮಾಡಬೇಡಿ" ಎಂದ. ಹಳೆಯದು ಆ ವಾರವೇ ಸತ್ತಿತು, ಕರೆಂಟು ಕೊಟ್ಟರೂ ಕಪ್ಪು ಪರದೆ. ನನ್ನ ಕೈಗೆ ಕೆಲಸವೇ ಇಲ್ಲವಾಯಿತು. ಓರಗಿತ್ತಿ ಒಂದು ದಿನ ನನ್ನ ಮುಂದೆ ಮೊರದ ತುಂಬ ಅವರೆಕಾಯಿ ತಂದಿಟ್ಟು, "ಹೇಗೂ ಬಿಡುವಾಗಿದೀರಲ್ಲ ಅಕ್ಕ" ಎಂದಳು. ಸುಲಿದೆ. ಸುಲಿಯುತ್ತಾ ಆ ಪಟ್ಟಿಯ ಕೊನೆಯದು, ಆ ಉದ್ದ ಪದ, ಆ ಟಿಕ್ಕು ಎಂದು ಮಂತ್ರದ ಹಾಗೆ ಹೇಳಿಕೊಂಡೆ.

ಒಂದು ಮಧ್ಯಾಹ್ನ ಸ್ಟುಡಿಯೋದಲ್ಲಿ ಜೋರು ಗಂಟಲು ಕೇಳಿಸಿತು.

"ಏನ್ರೀ ಇದು? ನಮ್ಮಪ್ಪನ ಹಣೆ ಬೋಳು ಮಾಡಿದ್ದೀರಲ್ರೀ! ನಾಳೆ ಬೆಳಿಗ್ಗೆ ಗಣಾರಾಧನೆ. ಸ್ವಾಮಿಗಳು ಬರ್ತಾರೆ. ಇದಕ್ಕೆ ಹಾರ ಹಾಕ್ಲಾ?"

ಬಾಗಿಲಿನಿಂದ ಇಣುಕಿದೆ. ಓಲ್ಡ್ ಟೌನಿನವರೇ, ದಪ್ಪನೆಯ ಹೆಂಗಸು, ಫ್ರೇಮು ಹಾಕಿದ ಫೋಟೋವನ್ನು ಟೇಬಲ್ಲಿನ ಮೇಲೆ ಕುಕ್ಕಿ ನಿಂತಿದ್ದರು. ಆದದ್ದು ಇಷ್ಟು. ಅವರು ತಂದದ್ದು ಬಿರುಕು ಬಿಟ್ಟ ಹಳೆಯ ಪಾಸಿನ ಫೋಟೋ. ಬಿರುಕೊಂದು ಹಣೆಯ ಮೇಲೆಯೇ, ಇದ್ದ ವಿಭೂತಿಯನ್ನು ಸೀಳಿಕೊಂಡು ಹಾದಿತ್ತು. ಹೊಸ ಸಾಫ್ಟ್‌ವೇರಿನಲ್ಲಿ ಧೂಳು, ಗೀರು ಅಳಿಸಲು ಒಂದು ಬಟನ್ ಇದೆ. ಆಪರೇಟರ್ ಒತ್ತಿದ್ದಾರೆ. ಅದು ಬಿರುಕಿನ ಜೊತೆಗೆ ವಿಭೂತಿಯ ಮೂರು ಗೆರೆಗಳನ್ನೂ ಗೀರುಗಳೆಂದು ತಿಳಿದು ಒರೆಸಿಬಿಟ್ಟಿದೆ. ಅಂದು ಹತ್ತು ಫೋಟೋಗಳ ರಾಶಿ ಇತ್ತು, ಆಪರೇಟರೂ ಗಮನಿಸಲಿಲ್ಲ.

ಆಪರೇಟರ್ ಬೆವರುತ್ತಾ ಕುಂಚ ತೆಗೆದು ಮೂರು ಗೆರೆ ಎಳೆದರು.

"ಇದೇನ್ರೀ, ರೋಡಿಗೆ ಪಟ್ಟೆ ಬಳ್ದಂಗೆ!"

ತೆಳ್ಳಗೆ ಎಳೆದರು. "ಈಗ ಕಾಗೆ ಹಿಕ್ಕೆ ಹಾಕ್ದಂಗಿದೆ." ಆಯಮ್ಮನ ಕಣ್ಣಲ್ಲಿ ನೀರು ಬರತೊಡಗಿತ್ತು. "ನಮ್ಮಪ್ಪ ಜ್ವರ ಬಂದು ಮಲಗಿದ್ದಾಗ್ಲೂ ವಿಭೂತಿ ಇಲ್ದೆ ನೀರು ಮುಟ್ಟಿದೋರಲ್ಲ ಕಣ್ರೀ."

ಮೈದುನ ನನ್ನ ಕಡೆ ನೋಡಿದ. ಮುಂದಿನ ಕೋಣೆಗೆ, ಗಿರಾಕಿ ಇರುವಾಗ, ನಾನು ಅದುವರೆಗೆ ಕಾಲಿಟ್ಟಿರಲಿಲ್ಲ. ಸಿಡಿ ತಂದೆ. ಆಪರೇಟರಿಗೆ "ಏಳಿ" ಎಂದೆ.

"ಮೇಡಂ, ಅದು ಇದ್ರಲ್ಲಿ ಓಡಲ್ಲ..."

"ನೀವು ಏಳಿ."

ಎದ್ದರು. ಕೂತೆ. ಸಿಡಿಯಲ್ಲಿದ್ದ ಕಡತವನ್ನು ಎಳೆದು ಇಟ್ಟೆ. ಒತ್ತಿದೆ, ಅದೇ ಕೆಂಪು ಗುರುತಿನ ಚೌಕ ಬಂತು. ಮುಚ್ಚಿದೆ. ಬಲಗಡೆಯ ಗುಂಡಿ. ಪಟ್ಟಿಯ ಕೊನೆಯದು. ಒಂದು ಕಿಟಕಿ ತೆರೆಯಿತು, ಅದರ ನೆತ್ತಿಯಲ್ಲಿ ಮೂರು ನಾಲ್ಕು ಪದಗಳು. ಒಂದೊಂದನ್ನೇ ಅಕ್ಷರ ಕೂಡಿಸಿ ಓದಿದೆ. ಹಿಂದೆ ಆಯಮ್ಮ, "ಏ, ಇವರಿಗೆ ಓದಕ್ಕೇ ಬರಲ್ಲ ಕಣ್ರೀ" ಎಂದರು.

"ಬರುತ್ತೆ. ನಿಧಾನ" ಎಂದೆ.

ಎರಡನೆಯದೇ ಅದು. ಒತ್ತಿದೆ. ಅಲ್ಲಿ ಒಂದಲ್ಲ, ನಾಲ್ಕು ಟಿಕ್ಕಿನ ಚೌಕಗಳಿದ್ದವು. ಯಾವುದೆಂದು ಸಾಬರು ಹೇಳಿರಲಿಲ್ಲ. ಹೊಂದಾಣಿಕೆ ಎಷ್ಟಿದ್ದರೂ ಒಳ್ಳೆಯದೇ ಎಂದುಕೊಂಡು ನಾಲ್ಕಕ್ಕೂ ಹಾಕಿದೆ. ಪರದೆ ಪಟಕ್ಕನೆ ಕುಣಿಯಿತು. ನನ್ನ ಸಾಫ್ಟ್‌ವೇರು ತೆರೆಯಿತು! ಆದರೆ ಫೋಟೋ ತೆಗೆದರೆ ಬಣ್ಣವೆಲ್ಲ ಕಲಸಿಹೋಗಿ, ಆ ಹಿರಿಯರ ಮುಖ ಅಲ್ಲಲ್ಲಿ ಹಸಿರು, ಅಲ್ಲಲ್ಲಿ ನೀಲಿ.

"ಅಯ್ಯಯ್ಯೋ, ನಮ್ಮಪ್ಪ ಹಸಿರಾದ್ರು!"

"ಅತ್ತಿಗೆ, ಸಾಕು ಬಿಡಿ" ಎಂದು ಮೈದುನ ಮೌಸಿನ ಕಡೆ ಕೈ ಚಾಚಿದ. ಅವನ ಕೈಯನ್ನು ಸರಿಸಿದೆ. ಸಾಬರು ಹೇಳಿದ್ದು ಒಂದೇ ಟಿಕ್ಕು ಎಂದು ನೆನಪಾಗಿ, ಮೇಲಿನದೊಂದನ್ನು ಬಿಟ್ಟು ಉಳಿದ ಟಿಕ್ಕುಗಳನ್ನು ಕೆಳಗಿನಿಂದ ಒಂದೊಂದಾಗಿ ತೆಗೆದೆ. ಒಂದು ತೆಗೆದು ತೆರೆದು ನೋಡುವುದು, ಮುಚ್ಚುವುದು, ಇನ್ನೊಂದು ತೆಗೆಯುವುದು. ಮೂರನೆಯದಕ್ಕೆ ಪರದೆ ಸರಿಯಾಯಿತು. ನನ್ನ ಸಾಫ್ಟ್‌ವೇರು ಅದರ ಹಳೆಯ ಬೂದು ಬಣ್ಣದಲ್ಲಿ, ಎಡದಿಂದ ನಾಲ್ಕನೆಯದು ನಾಲ್ಕನೆಯದಾಗಿಯೇ, ಅಲುಗದೆ ಕೂತಿತ್ತು. ಅಚ್ಚುಗಳಿರುವ ಕಡೆ ಹೋದೆ. ಮಾವನ ಬೆರಳುಗಳಿದ್ದವು.

ಆಗ ಆಯಮ್ಮನ ಕಡೆ ತಿರುಗಿದೆ. "ನಿಮ್ಮ ತಂದೆ ಒದ್ದೇದು ಹಚ್ತಿದ್ರಾ, ಒಣದಾ?"

ಅವರು ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದರು. "ಒದ್ದೇದು. ಬಚ್ಚಲಿಂದ ಬರ್ತಾನೇ."

"ಹುಬ್ಬಿಗೆ ಹತ್ರಾನೋ, ಮೇಲೋ?"

"ಮೇಲೆ. ಹಣೆ ದೊಡ್ಡದು ಅವರದ್ದು. ಬಲಗಡೆ ಸ್ವಲ್ಪ ಮೇಲಕ್ಕೆ ಹೋಗ್ತಿತ್ತು, ಆ ತೋಳು ಪೂರ್ತಿ ಏಳ್ತಿರ್ಲಿಲ್ಲ, ತಲೇನೇ ವಾಲಿಸ್ಕೊಂಡು ಹಚ್ಚೋರು."

ಅಚ್ಚನ್ನು ಇಟ್ಟು, ಹಿಗ್ಗಿಸಿ, ಬಲಗಡೆಗೆ ಕೂದಲೆಳೆಯಷ್ಟು ಓರೆ ಮಾಡಿದೆ. ಹಣೆಯ ಸುಕ್ಕುಗಳಿರುವ ಕಡೆ ಬಿಳಿಯನ್ನು ಸ್ವಲ್ಪ ಕಳೆದೆ. ಅರ್ಧ ಗಂಟೆ ಹಿಡಿಯಿತು. ಕುರ್ಚಿ ಹಿಂದಕ್ಕೆ ಸರಿಸಿ ಜಾಗ ಬಿಟ್ಟೆ.

ಆಯಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಇದು ನಮ್ಮಪ್ಪನೇ ಹಚ್ಕೊಂಡಿದ್ದು" ಎಂದರು. ಆಮೇಲೆ ನನ್ನ ತೋಳಿಗೆ ಒಂದು ಏಟು ಹಾಕಿ, "ಏ ಮಾರಾಯ್ತಿ, ಇಷ್ಟು ವರ್ಷ ಎಲ್ಲಿ ಅಡಗಿದ್ದೆ ನೀನು?" ಎಂದರು.

ಮೈದುನ ಚಿತ್ರವನ್ನು ಸಿಡಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಶಿವಮೊಗ್ಗದ ಲ್ಯಾಬಿಗೆ ಓಡಿದ. ಮರುದಿನ ಬೆಳಿಗ್ಗೆ ಆ ಮನೆಯಲ್ಲಿ ಸರಿಯಾದ ಫೋಟೋಕ್ಕೇ ಹಾರ ಬಿತ್ತು.

ಸೋಮವಾರ ನಾನು ಮೈದುನನಿಗಿಂತ ಮುಂಚೆ ಸ್ಟುಡಿಯೋಕ್ಕೆ ಹೋಗಿ ಹೊಸ ಕಂಪ್ಯೂಟರಿನ ಮುಂದೆ ಕೂತಿದ್ದೆ. ಅವನು ಬಂದ, ನಿಂತ, ತಲೆ ಕೆರೆದುಕೊಂಡ.

"ಅತ್ತಿಗೆ, ಆಪರೇಟರ್ ಬರ್ತಾರೆ ಈಗ. ಏನ್ ಹೇಳ್ಲಿ?"

"ಬರ್ಲಿ. ಅವರನ್ನ ಬಿಡಿಸ್ಬೇಡ, ಪಾಪ. ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದ ಹೊತ್ತಿನವರ್ಗೂ ಈ ಕುರ್ಚಿ ನಂದು. ಆಮೇಲೆ ಅವರ್ದು. ಹಿರಿಯರ ಫೋಟೋ ಯಾವುದೂ ಅವರ ಬಟನ್ನಿಗೆ ಸಿಗಂಗಿಲ್ಲ."

"ಮನೆ ಕೆಲ್ಸ..."

"ಅವರೆಕಾಯಿ ಸುಲಿಯೋಕೆ ಕೈ ಇರೋರು ಮನೇಲಿ ಇನ್ನೂ ನಾಲ್ಕು ಜನ ಇದೀರಿ."

ಅಷ್ಟರಲ್ಲಿ ಆಪರೇಟರ್ ಚಪ್ಪಲಿ ಬಿಟ್ಟು ಒಳಗೆ ಬಂದರು. ನನ್ನನ್ನು ನೋಡಿ, ಮೈದುನನನ್ನು ನೋಡಿ, ಗೋಡೆ ಪಕ್ಕದ ಸ್ಟೂಲನ್ನು ತಾವೇ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ನನ್ನ ಕೈ ನೋಡಿದರು.

"ಮೇಡಂ, ಒಂದು ಮಾತು. ಇದಕ್ಕಿಂತ ಹೊಸ ಸಿಸ್ಟಮ್ ಬಂದೇ ಬರುತ್ತೆ. ಆಗ ಏನ್ ಮಾಡೋದು?"

"ಬರ್ಲಿ" ಎಂದೆ. "ಬಾಗಿಲಲ್ಲೇ ನಿಲ್ಸಿ, ನನ್ನ ಕರೀರಿ. ಒಳಗೆ ಬಿಡೋದೋ ಬೇಡ್ವೋ ನಾನು ಹೇಳ್ತೀನಿ."